ಹೊಸ ಹಲ್ಲಿನ ಡಾಕ್ಟರನ್ನು ಹಳ್ಳಿಗೆ ಕಳಿಸುವ ಮುಂಚೆ ಏನು ಕಲಿಸಬೇಕು? ನಿಮ್ಮ ಅನುಭವ ಹೇಳಿ

ಕೇಳಿದವರು: ಉಪನ್ಯಾಸಕಿ, ದಂತ ಕಾಲೇಜು, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಹೊಸ ಬ್ಯಾಚ್ ಇಂಟರ್ನ್‌ಶಿಪ್‌ಗೆ ಬಂದಿದೆ. ವರ್ಷದಲ್ಲಿ 3 ತಿಂಗಳು ಇವರಿಗೆ ಸಮುದಾಯ ದಂತ ವಿಭಾಗ, ಹಳ್ಳಿ ಸೇವೆ. ಸುಮಾರು ಮಕ್ಕಳು ಹೊರಗಿನವರು, ಇಲ್ಲಿನ ಮಾತು ಅವರಿಗೆ ಹೊಸದು. ಈವರೆಗೆ ಊರೂರು ತಿರುಗಿ ಕ್ಯಾಂಪ್ ಮಾಡಿ, ಬಾಯಿ ನೋಡಿ, ಚೀಟಿ ಬರೆದುಕೊಟ್ಟು ಬರುವುದೇ ನಡೆದಿದೆ. ಚೀಟಿ ಹಿಡಿದು ಕಾಲೇಜಿಗೆ ಬರುವವರು ತೀರಾ ಕಡಿಮೆ. ಈ ಸಲ ಬೇರೆ ಥರ ಮಾಡಬೇಕು ಅಂತ ಆಸೆ. ಏನು ಕಲಿಸಲಿ?

ದಂತ ವೈದ್ಯ, ತಾಲ್ಲೂಕು ಆಸ್ಪತ್ರೆ, ಬೀದರ್ ಜಿಲ್ಲೆ

ಮೇಡಂ, ಚೀಟಿಯಿಂದಲೇ ಶುರು ಮಾಡೋಣ. ಚಿಂಚೋಳಿ ಕಡೆಯ ತಾಂಡಾದ ಹೆಂಗಸು ಕಲಬುರಗಿಗೆ ಬರಬೇಕೆಂದರೆ ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜು ಬೇರೆ, ಜೊತೆಗೆ ಬರುವವರ ಕೂಲಿಯೂ ಹೋಯಿತು. ಅಷ್ಟು ಮಾಡಿ ಬಂದರೆ ಮೊದಲ ದಿನ ಎಕ್ಸ್‌ರೇ ತೆಗೆದು "ಮುಂದಿನ ವಾರ ಬನ್ನಿ" ಅಂತೀವಿ. ಯಾರು ಬರ್ತಾರೆ ಹೇಳಿ? ಹಲ್ಲು ನೋವಿಗೆ ಮೆಡಿಕಲ್ ಶಾಪಿನ ಮಾತ್ರೆ ನುಂಗಿ ಸುಮ್ಮನಾಗುತ್ತಾರೆ.

ಆದ್ದರಿಂದ ನನ್ನ ಸಲಹೆ ಒಂದೇ. ಹತ್ತಾರು ಊರು ಬೇಡ. ಎರಡೋ ಮೂರೋ ಊರು ಹಿಡಿಯಿರಿ, ಅದೇ ಹುಡುಗರನ್ನು ಅದೇ ಊರಿಗೆ 3 ತಿಂಗಳೂ ಕಳಿಸಿ. ತಾನು ತುಂಬಿದ ಹಲ್ಲು ತಿಂಗಳಾದ ಮೇಲೆ ಹೇಗಿದೆ ಅಂತ ಹುಡುಗ ತಾನೇ ನೋಡಬೇಕು. ಕ್ಯಾಂಪಿನಲ್ಲಿ ಇದು ಆಗುವುದೇ ಇಲ್ಲ. ಊರವರಿಗೂ ಅಷ್ಟೇ, ಮೊದಲ ಸಲ ದೂರ ನಿಂತು ನೋಡಿದವರು ಮೂರನೇ ಸಲ ಬಂದು ಕೂರುತ್ತಾರೆ.

ಊರಲ್ಲೇ ಮುಗಿಸಬಹುದಾದ ಕೆಲಸ ಕೈಗೆ ಬರಲಿ. ಎಆರ್‌ಟಿ ವಿಧಾನ ನಿಮಗೆ ಗೊತ್ತೇ ಇದೆ. 1980ರ ದಶಕದಲ್ಲಿ ತಾಂಜಾನಿಯಾದಲ್ಲಿ ಶುರುವಾದದ್ದು. ಕರೆಂಟ್ ಬೇಡ, ಡ್ರಿಲ್ ಬೇಡ. ಕೈ ಉಪಕರಣದಿಂದ ಹುಳುಕು ಕೆರೆದು ಗ್ಲಾಸ್ ಅಯಾನೊಮರ್ ಸಿಮೆಂಟ್ ತುಂಬುವುದು. ಹುಡುಗರು ಇದನ್ನು ಪರೀಕ್ಷೆಗೆ ಓದಿರುತ್ತಾರೆ, ಮಾಡಿರುವುದಿಲ್ಲ. ನಮ್ಮ ಬಿಸಿಲಲ್ಲಿ ಒಂದು ತೊಡಕಿದೆ. ಏಪ್ರಿಲ್‌ನಲ್ಲಿ ಶಾಲೆಯ ತಗಡಿನ ಕೋಣೆಯಲ್ಲಿ ಕಲಸಲು ಹೋದರೆ ಸಿಮೆಂಟ್ ಬಾಯಿಗೆ ಹೋಗುವ ಮುಂಚೆಯೇ ಗಟ್ಟಿಯಾಗುತ್ತದೆ. ಗಾಜಿನ ಹಲಗೆಯನ್ನು ಐಸ್ ಡಬ್ಬಿಯಲ್ಲಿ ತಂಪಾಗಿಟ್ಟುಕೊಳ್ಳಿ. ಆದರೆ ಮೇಲೆ ನೀರಿನ ಪಸೆ ನಿಲ್ಲಬಾರದು, ಒರೆಸಿ ಒಣಗಿದ್ದು ನೋಡಿಯೇ ಪುಡಿ ಹಾಕಬೇಕು. ಸ್ವಲ್ಪ ಸ್ವಲ್ಪವೇ ಕಲಸಬೇಕು. ಮೇಲ್ಮೈ ಹೊಳೆಯುತ್ತಿರುವಾಗಲೇ ತುಂಬಬೇಕು, ಹೊಳಪು ಹೋದರೆ ಅದು ಹಲ್ಲಿಗೆ ಅಂಟುವುದಿಲ್ಲ, ಎಸೆದು ಬೇರೆ ಕಲಸಿ. ಇದನ್ನು ಕಾಲೇಜಿನ ಎಸಿ ಕೋಣೆಯಲ್ಲಿ ಅಲ್ಲ, ಫ್ಯಾನ್ ಆರಿಸಿದ ಕೋಣೆಯಲ್ಲಿ ಕಲಿಸಿ.

ಪುಟ್ಟ ಮಕ್ಕಳ ಹುಳುಕಿಗೆ ಸಿಲ್ವರ್ ಡೈಅಮೈನ್ ಫ್ಲೋರೈಡ್ ಅನ್ನುವ ದ್ರವ ಔಷಧಿ ಇದೆ. ಹಚ್ಚಿದರೆ ಹುಳುಕು ಅಲ್ಲಿಗೇ ನಿಲ್ಲುವ ಸಾಧ್ಯತೆ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದನ್ನೂ ಗ್ಲಾಸ್ ಅಯಾನೊಮರ್ ಸಿಮೆಂಟನ್ನೂ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ಆದರೆ ಹುಳುಕಿದ ಜಾಗ ಕಪ್ಪಾಗುತ್ತದೆ, ಕಪ್ಪು ಹೋಗುವುದಿಲ್ಲ. ಹಚ್ಚುವ ಮುಂಚೆ ತಾಯಿಗೆ ಫೋಟೋ ತೋರಿಸಿ ಒಪ್ಪಿಗೆ ಕೇಳಲೇಬೇಕು. ಹೇಳದೆ ಹಚ್ಚಿದರೆ "ಡಾಕ್ಟರು ಕೂಸಿನ ಹಲ್ಲು ಸುಟ್ಟರು" ಅಂತ ಊರೆಲ್ಲ ಸುದ್ದಿ. ಮತ್ತೆ ಆ ಊರಲ್ಲಿ ನಿಮಗೆ ಬಾಯಿ ತೆರೆಯುವವರಿಲ್ಲ.

ಸರ್ಕಾರಿ ಶಾಲೆ ಶಿಕ್ಷಕ, ಯಾದಗಿರಿ ಜಿಲ್ಲೆ

ನಾನು ಡಾಕ್ಟರ್ ಅಲ್ಲ, ಆದರೂ ಒಂದು ಮಾತು ಹೇಳಲೇಬೇಕು. ನಮ್ಮ ಶಾಲೆಗೆ ಬಂದ ಒಬ್ಬ ಯುವ ಡಾಕ್ಟರು ಮಕ್ಕಳ ಹಲ್ಲಿನ ಕಂದು ಕಲೆ ನೋಡಿ "ಹಲ್ಲು ಉಜ್ಜೋದೇ ಇಲ್ವಾ?" ಅಂತ ಎಲ್ಲರ ಮುಂದೆ ಗದರಿದರು. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಆಮೇಲೆ ಕೈ ಅಡ್ಡ ಇಟ್ಟುಕೊಂಡೇ ಮಾತಾಡುತ್ತಿದ್ದಳು. ನನಗೆ ಬಹಳ ಬೇಜಾರಾಯಿತು. ಅದು ಬೋರ್‌ವೆಲ್ ನೀರಿನ ಫ್ಲೋರೈಡ್ ಕಲೆ. ಉಜ್ಜಿದರೆ ಹೋಗುವುದಲ್ಲ. ಒಸಡಿನೊಳಗೆ ಹಲ್ಲು ತಯಾರಾಗುವಾಗಲೇ ಬಿದ್ದ ಕಲೆ.

ದಯವಿಟ್ಟು ಬಾಯಿ ನೋಡುವ ಮುಂಚೆ ನೀರು ಕೇಳಲು ಕಲಿಸಿ. ಯಾವ ಬೋರಿನ ನೀರು, ಎಷ್ಟು ವರ್ಷದಿಂದ, ಶುದ್ಧ ನೀರಿನ ಘಟಕ ನಡೆಯುತ್ತಿದೆಯೋ ಕೆಟ್ಟು ನಿಂತಿದೆಯೋ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಲು ಬಾರದು ಅಂತ ನಿಯಮವೇ ಇದೆ. ನೀರು ಪರೀಕ್ಷೆ ಮಾಡಿಸಿ, ವರದಿಯನ್ನು ಪಂಚಾಯಿತಿಗೆ ಕೊಡಲಿ. ದೊಡ್ಡ ಮಕ್ಕಳ ಕಲೆಗೆ ನೀರು ಬದಲಿಸಿ ಉಪಯೋಗವಿಲ್ಲ, ಆದರೆ ಅಂಗನವಾಡಿಯ ಕೂಸುಗಳನ್ನು ಉಳಿಸಬಹುದು. ಪೇಸ್ಟನ್ನೂ ಕಡಲೆ ಕಾಳಿನಷ್ಟೇ ಹಾಕಿ, ನುಂಗದೆ ಉಗುಳುವಂತೆ ನೋಡಿಕೊಳ್ಳಲು ತಾಯಂದಿರಿಗೆ ಹೇಳಿ.

ಇನ್ನೊಂದು. ತೊಗರಿ ರಾಶಿ ನಡೆಯುವಾಗ, ಅಂದರೆ ಡಿಸೆಂಬರ್-ಜನವರಿಯಲ್ಲಿ, ಹಗಲು ಊರಲ್ಲಿ ಮುದುಕರು ಬಿಟ್ಟರೆ ಯಾರೂ ಸಿಗುವುದಿಲ್ಲ. ಬೇಸಿಗೆಗೆ ಬೆಂಗಳೂರು, ಪುಣೆ ಅಂತ ದುಡಿಯಲು ಹೋಗಿರುತ್ತಾರೆ. ದಿನಾಂಕ ಕಾಲೇಜಲ್ಲಿ ಕೂತು ಗೊತ್ತು ಮಾಡಬೇಡಿ.

ಆಶಾ ಕಾರ್ಯಕರ್ತೆ, ಸೇಡಂ ತಾಲ್ಲೂಕು

ಮೇಡಂರೀ, ಹೆಂಗಸರನ್ನು ಗಂಡಸರ ಸಾಲಲ್ಲಿ ಕೂರಿಸಬೇಡಿ. ಮಿಶ್ರಿ (ಹುರಿದ ತಂಬಾಕಿನ ಪುಡಿ) ತಿಕ್ಕುವವರು, ತಂಬಾಕು ಇಟ್ಟುಕೊಳ್ಳುವವರು ನಮ್ಮಲ್ಲಿ ಇದ್ದಾರೆ. ಅತ್ತೆ, ಮೈದುನ ನಿಂತಿರುವಾಗ "ತಂಬಾಕು ತಿಂತೀರಾ" ಅಂತ ಕೇಳಿದರೆ ಇಲ್ಲ ಅಂತಲೇ ಹೇಳುತ್ತಾರೆ. ಒಳಗೆ ಅಡುಗೆ ಮನೆ ಹತ್ತಿರ ಕೂತು, "ಹಲ್ಲಿಗೆ ಏನು ಹಚ್ಕೋತೀರಿ ಅಕ್ಕಾ" ಅಂತ ಕೇಳಿದರೆ ಡಬ್ಬಿಯನ್ನೇ ತಂದು ತೋರಿಸುತ್ತಾರೆ. ಸಂಜೆ ಹೊತ್ತು ಬನ್ನಿ.

"ಮ್ಯಾಲಿನ ಹಲ್ಲು ಕಿತ್ರ ಕಣ್ಣು ಹೋಗ್ತದಂತರೀ" ಅನ್ನುವವರು ಬಹಳ. ನಗಬಾರದು. ನಮ್ಮೂರಲ್ಲೇ ಹಲ್ಲು ಕೀಳಿಸಿಕೊಂಡು ಚೆನ್ನಾಗಿರುವ ಅಜ್ಜಿಯನ್ನು ಕರೆದು ಪಕ್ಕದಲ್ಲಿ ಕೂರಿಸಿ, ಅಷ್ಟು ಸಾಕು. ಗಡಿ ಕಡೆ ತೆಲುಗು, ತಾಂಡಾದಲ್ಲಿ ಲಂಬಾಣಿ, ಕೆಲವು ಮನೆಗಳಲ್ಲಿ ಉರ್ದು. ನಮ್ಮನ್ನು ಕರೆದರೆ ನಾವು ಜೊತೆಗೆ ಬರುತ್ತೇವೆ, ಆದರೆ ಹಿಂದಿನ ದಿನವೇ ಹೇಳಿ.

ಇಂಟರ್ನ್‌ಶಿಪ್ ಮುಗಿಸಿ ಈಗ ಸ್ವಂತ ಕ್ಲಿನಿಕ್ ಇಟ್ಟವರು, ಶಹಾಬಾದ್

ನನಗೆ ಹಳ್ಳಿಯಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಮೂರು ಬೆರಳಿನ ಪರೀಕ್ಷೆ. ಅಡಿಕೆ, ಗುಟಕಾದಿಂದ ಬಾಯಿ ಬಿಗಿದಿದೆಯೋ ಅಂತ ತಿಳಿಯಲು, ಮೂರು ಬೆರಳು ಒಂದರ ಮೇಲೊಂದು ಬರುವಂತೆ ಜೋಡಿಸಿ ಬಾಯಲ್ಲಿ ಇಡಲು ಹೇಳುವುದು. ಗುಟಕಾ, ಅಡಿಕೆ ಜಗಿಯುವ ಇಪ್ಪತ್ತರ ಹುಡುಗರಿಗೂ ಎರಡೇ ಬೆರಳು ಹಿಡಿಯುವುದನ್ನು ನೋಡಿದ್ದೇನೆ. ಖಾರದ ರೊಟ್ಟಿ ಊಟ ಮಾಡುವ ನಮ್ಮ ಜನ "ಖಾರ ತಡೆಯೋಕಾಗ್ತಿಲ್ಲ, ಬಾಯಿ ಉರೀತದ" ಅಂದರೆ ಹಗುರವಾಗಿ ತಗೋಬಾರದು. ಕೆನ್ನೆಯ ಒಳಗೆ ಬೆಳ್ಳಗೆ, ಗಟ್ಟಿ ಪಟ್ಟಿ ಸಿಗುತ್ತದೋ ಬೆರಳಿಂದ ಮುಟ್ಟಿ ನೋಡಲು ಕಲಿಸಿ. ಎರಡು ವಾರವಾದರೂ ಮಾಯದ ಹುಣ್ಣು ಕಂಡರೆ ಚೀಟಿ ಕೊಟ್ಟು ಬಿಡುವುದಲ್ಲ. ಫೋನ್ ನಂಬರ್ ಬರೆದುಕೊಂಡು, ಬಯಾಪ್ಸಿಗೆ (ಹುಣ್ಣಿನ ಚೂರು ತೆಗೆದು ಕ್ಯಾನ್ಸರ್ ಇದೆಯೋ ನೋಡುವ ಪರೀಕ್ಷೆ) ದಿನ ಗೊತ್ತು ಮಾಡಿ, ಹಿಂದಿನ ಸಂಜೆ ಫೋನ್ ಮಾಡಬೇಕು. ಚೀಟಿ ಕೆಲಸ ಮಾಡಬೇಕಾದ್ದು ಇಂಥಲ್ಲಿ. ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಕೇಂದ್ರ ಕಲಬುರಗಿಯಲ್ಲೇ ಇದೆ, ಬೆಂಗಳೂರಿಗೆ ಹೋಗಬೇಕೆಂದು ಹೆದರಿ ಸುಮ್ಮನಾಗುವವರಿಗೆ ಇದನ್ನು ಮೊದಲೇ ಹೇಳಿ. ತಂಬಾಕು ಬಿಡಬೇಕು ಅನ್ನುವವರಿಗೆ ಉಚಿತ ಸಹಾಯವಾಣಿ 1800-11-2356.

ಬಿಪಿ, ಶುಗರ್ ನೋಡದೆ ಹಲ್ಲು ಕೀಳಕೂಡದು ಅನ್ನುವುದು ಎಲ್ಲರಿಗೂ ಗೊತ್ತು. ಕ್ಯಾಂಪಿನ ಗದ್ದಲದಲ್ಲಿ ಇದೇ ಮೊದಲು ತಪ್ಪಿಹೋಗುವುದು. ಕುರ್ಚಿಗೆ ಬರುವ ಮುಂಚೆ ಒಬ್ಬರನ್ನು ಅದಕ್ಕೆಂದೇ ಕೂರಿಸಿ.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ಊರು ಹಿಡಿಯಲು ನಮ್ಮ ಮುಖ್ಯಸ್ಥರನ್ನು ಕೇಳುತ್ತೇನೆ. ಸರ್, ಕರೆಂಟ್ ಹೋದರೆ ಉಪಕರಣ ಶುದ್ಧ ಮಾಡುವುದು ಹೇಗೆ?

ದಂತ ವೈದ್ಯ, ಬೀದರ್ ಜಿಲ್ಲೆ

ಬೆಳಿಗ್ಗೆ ಕಾಲೇಜಿನಿಂದಲೇ ಒಬ್ಬರಿಗೆ ಒಂದರಂತೆ ಪೊಟ್ಟಣ ಕಟ್ಟಿ ತರುವುದು ಒಳ್ಳೆಯದು. ಪೊಟ್ಟಣ ಮುಗಿದರೆ ಅವತ್ತಿನ ಕೆಲಸವೂ ಮುಗಿಯಿತು. ಉಳಿದುಕೊಳ್ಳುವ ದಿನಗಳಿಗೆ ಗ್ಯಾಸ್ ಒಲೆ ಮೇಲಿಡುವ ಕುಕ್ಕರ್ ಥರದ ಆಟೋಕ್ಲೇವ್ ಸಿಗುತ್ತದೆ. 121 ಡಿಗ್ರಿ, 15 ಪೌಂಡ್ ಒತ್ತಡ, ಪೊಟ್ಟಣ ಕಟ್ಟಿದ್ದರೆ ಅರ್ಧ ಗಂಟೆ. ಕುದಿಯುವ ನೀರಿಗೆ ಹಾಕಿ ತೆಗೆದರೆ ಸಾಲದು. ಬಳಸಿದ ಸೂಜಿಗಳನ್ನು ಬಿಳಿ ಗಟ್ಟಿ ಡಬ್ಬಿಯಲ್ಲಿ ಹಾಕಿ ವಾಪಸ್ ಕಾಲೇಜಿಗೇ ತನ್ನಿ, ಶಾಲೆಯ ಕಸದ ಗುಂಡಿಗೆ ಹಾಕಿಸಬೇಡಿ.