ಪದಚರ್ಚೆ: 'ಕನ್ಯಾಜನನ' ಸರಿಯೋ, 'ಅನಿಷೇಕ ಜನನ' ಸರಿಯೋ? ಸಸ್ಯಹೇನು, ಹಿಟ್ಟು ತಿಗಣೆ, ಹಾವುಗಳ ಸಂದರ್ಭದಲ್ಲಿ

ಎಲ್ಲರಿಗೂ ನಮಸ್ಕಾರ.

ವೀರ್ಯಾಣು ಸೇರದೆಯೇ ಮೊಟ್ಟೆಯೊಂದು ಮರಿಯಾಗಿ ಬೆಳೆಯುವುದಕ್ಕೆ ಕನ್ನಡದಲ್ಲಿ ಯಾವ ಪದವನ್ನು ಗಟ್ಟಿ ಮಾಡಿಕೊಳ್ಳೋಣ ಎಂಬುದು ನನ್ನ ಪ್ರಶ್ನೆ. ಪಾರ್ಥೆನೊಜೆನೆಸಿಸ್ ಎಂಬ ಗ್ರೀಕ್ ಮೂಲದ ಮಾತಿಗೆ ನಮ್ಮಲ್ಲಿ 'ಕನ್ಯಾಜನನ', 'ಅನಿಷೇಕ ಜನನ' ಎಂಬ ಎರಡು ಪದಗಳು ಓಡಾಡುತ್ತಿವೆ. ಪುಣೆಯಲ್ಲಿ ಕುಳಿತು ಕಬ್ಬಿನ ಕೀಟಗಳ ಬಗೆಗಿನ ಮರಾಠಿ ಬರಹವೊಂದನ್ನು ಗಡಿಭಾಗದ ಕನ್ನಡ ಬೆಳೆಗಾರರಿಗಾಗಿ ಕನ್ನಡಕ್ಕೆ ತರುತ್ತಿದ್ದೇನೆ. ಇಲ್ಲಿನ ಕನ್ನಡ ಬಳಗದ ಮಕ್ಕಳಿಗಾಗಿ ಹಾವುಗಳ ಕುರಿತು ಒಂದು ಲೇಖನವನ್ನೂ ಬರೆಯಬೇಕಾಗಿದೆ. ಎರಡು ಕಡೆಯೂ ಈ ಪದವಿಲ್ಲದೆ ಸಾಗುವುದಿಲ್ಲ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. 'ಕನ್ಯಾಜನನ'ವನ್ನು ಕೈಬಿಡಬೇಕು. ಅದು ತಾಯಿಯ ಬಗ್ಗೆ ಮಾತನಾಡುತ್ತದೆ. ನಮಗೆ ಬೇಕಾಗಿರುವುದು ಮೊಟ್ಟೆಯ ಬಗ್ಗೆ ಮಾತನಾಡುವ ಪದ.

ಜೇನುನೊಣವನ್ನೇ ನೋಡಿ. ರಾಣಿ ನೊಣ ಹಲವು ಗಂಡುಗಳೊಡನೆ ಕೂಡಿ, ಅವುಗಳ ವೀರ್ಯವನ್ನು ತನ್ನೊಳಗಿನ ಚಿಕ್ಕ ಚೀಲದಲ್ಲಿ ವರ್ಷಗಟ್ಟಲೆ ಕಾಪಾಡಿಕೊಳ್ಳುತ್ತದೆ. ಮೊಟ್ಟೆ ಇಡುವಾಗ ವೀರ್ಯ ಸೋಕಿಸಿದರೆ ಹೆಣ್ಣು, ಸೋಕಿಸದೆ ಬಿಟ್ಟರೆ ಗಂಡು. ಸೈಲೀಸಿಯಾದ ಪಾದ್ರಿ ಯಾನ್ ಜಿಯರ್ಜೋನ್ 1845ರಲ್ಲೇ ಇದನ್ನು ಹೇಳಿದ್ದರು. ಹೀಗೆ ಹುಟ್ಟಿದ ಗಂಡುನೊಣಕ್ಕೆ ತಂದೆಯಿಲ್ಲ, ಆದರೆ ತಾಯಿಯ ಕಡೆಯ ಅಜ್ಜನಿದ್ದಾನೆ. ಇಷ್ಟೆಲ್ಲ ಕೂಡಿದ ರಾಣಿಯ ಹೆರಿಗೆಯನ್ನು 'ಕನ್ಯಾಜನನ' ಎಂದು ಯಾವ ಬಾಯಿಂದ ಹೇಳುವುದು? ಬೆಳೆಗಾರರಿಗೆ ಚೆನ್ನಾಗಿ ಗೊತ್ತಿರುವ ಬಿಳಿನೊಣ ಮತ್ತು ಥ್ರಿಪ್ಸ್ ನುಸಿಗಳಲ್ಲಿಯೂ ಗಂಡು ಹುಟ್ಟುವ ಬಗೆ ಇದೇ.

ಹಾವುಗಳಲ್ಲಿ ಈ ಪದ ಇನ್ನೂ ಹೆಚ್ಚು ದಾರಿ ತಪ್ಪಿಸುತ್ತದೆ. ಮೃಗಾಲಯದಲ್ಲಿ ಒಂಟಿಯಾಗಿ ಬೆಳೆದ ಹೆಣ್ಣು ಹಾವು ಮರಿ ಮಾಡಿದ ಸುದ್ದಿಗಳನ್ನು ಓದಿದವರಿಗೆ, ಗಂಡು ಸಿಗದಿದ್ದರೆ ಮಾತ್ರ ಹೀಗಾಗುತ್ತದೆ ಎಂಬ ಭಾವನೆ ಮೂಡುವುದು ಸಹಜ. 2012ರಲ್ಲಿ ಅಮೆರಿಕದಿಂದ ಬಂದ ವರದಿ ಆ ಭಾವನೆಯನ್ನು ಅಲುಗಾಡಿಸಿತು. ಅಲ್ಲಿನ ಕಾಪರ್‌ಹೆಡ್ ಮತ್ತು ಕಾಟನ್‌ಮೌತ್ ಎಂಬ ಎರಡು ಜಾತಿಯ ವಿಷದ ಗುಳಿಮಂಡಲ ಹಾವುಗಳನ್ನು ಬಸುರಿಯಾಗಿದ್ದಾಗಲೇ ಕಾಡಿನಿಂದ ಹಿಡಿದು ತಂದಿದ್ದರು. ಮರಿಗಳ ಡಿಎನ್‌ಎ ನೋಡಿದರೆ ತಂದೆಯ ಗುರುತೇ ಇಲ್ಲ. ಕಾಡಿನಲ್ಲಿ ಗಂಡುಗಳಿಗೆ ಬರವಿರಲಿಲ್ಲ. ಆ ತಾಯಂದಿರು ಹಿಂದೆ ಕೂಡಿದ್ದವೋ ಇಲ್ಲವೋ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಆ ಮೊಟ್ಟೆಗೆ ವೀರ್ಯಾಣು ಸೇರಲಿಲ್ಲ ಎಂಬುದಷ್ಟೇ ಬರುತ್ತದೆ. ಕೆಲವರು ಸೂಚಿಸುವ 'ಗಂಡಿಲ್ಲದ ಹುಟ್ಟು' ಎಂಬ ಮಾತು ಕಿವಿಗೆ ಹಿತವಾಗಿದ್ದರೂ ಇದೇ ಕಾರಣಕ್ಕೆ ಅದನ್ನು ಒಪ್ಪಲಾರೆ.

ಹಾಗಾದರೆ 'ಅನಿಷೇಕ ಜನನ'? ಮರಾಠಿಯಲ್ಲಿ 'ಅನಿಷೇಕಜನನ' ಎಂಬುದು ಚೆನ್ನಾಗಿ ಬೇರೂರಿದ ಪದ, ನನ್ನ ಮುಂದಿರುವ ಬರಹದಲ್ಲಿಯೂ ಅದೇ ಇದೆ. ಹಾಗೆಯೇ ಎತ್ತಿಕೊಂಡು ಕರಡು ಮಾಡಿ, ನಮ್ಮ ಕಟ್ಟಡದಲ್ಲೇ ಇರುವ ಧಾರವಾಡದ ಹಿರಿಯರೊಬ್ಬರಿಗೆ ಓದಲು ಕೊಟ್ಟೆ. ಅವರನ್ನು ನಾವೆಲ್ಲ ಕಾಕಾ ಎಂದೇ ಕರೆಯುತ್ತೇವೆ. ಪೆನ್ಸಿಲಿನಿಂದ ಆ ಪದದ ಕೆಳಗೆ ಗೆರೆ ಎಳೆದು, "ತಂಗಿ, ನಿಷೇಕ ಎಂದರೆ ನಮ್ಮಲ್ಲಿ ಪ್ರಸ್ತ. ಮದುವೆಯ ಪತ್ರಿಕೆಗಳಲ್ಲಿ ಹಾಕಿಸುತ್ತಿದ್ದರು. ಹುಳಕ್ಕೂ ಹಾವಿಗೂ ಪ್ರಸ್ತವೆಲ್ಲಿಂದ ಬಂತು?" ಎಂದು ಕೇಳಿದರು. ಅವರ ಆಕ್ಷೇಪದಲ್ಲಿ ಹುರುಳಿದೆ. ಕನ್ನಡದ ಮನೆಮಾತಿನಲ್ಲಿ ನಿಷೇಕವೆಂದರೆ ಗಂಡು ಹೆಣ್ಣು ಕೂಡುವ ಶಾಸ್ತ್ರ. 'ಅನಿಷೇಕ' ಎಂದಾಗ ಕೂಡಲಿಲ್ಲ ಎಂದೇ ಕೇಳಿಸುತ್ತದೆ, ಮತ್ತೆ ತಾಯಿಯ ಕಡೆಗೇ ಹೋಗಿ ನಿಂತಂತಾಗುತ್ತದೆ. ನಮ್ಮ ಶಾಲೆಯ ವಿಜ್ಞಾನ ಪುಸ್ತಕಗಳಲ್ಲಿ ಅಂಡಾಣು ಮತ್ತು ವೀರ್ಯಾಣು ಒಂದಾಗುವುದಕ್ಕೆ 'ನಿಷೇಚನ' ಎಂಬ ಪದ ಆಗಲೇ ಇದೆ. 'ಅನಿಷೇಚಿತ ಜನನ' ಎಂದರೆ ಮಾತು ನೇರವಾಗಿ ಮೊಟ್ಟೆಗೆ ತಾಗುತ್ತದೆ. ಒಂದು ಅಕ್ಷರ ಉದ್ದವಾದರೂ ಚಿಂತೆಯಿಲ್ಲ.

ಕೂಡುವುದು ಬೇರೆ, ನಿಷೇಚನ ಬೇರೆ, ತಂದೆಯ ಪಾಲು ಮಕ್ಕಳಿಗೆ ದಕ್ಕುವುದು ಬೇರೆ. ಈ ಮೂರನ್ನೂ ಒಂದೇ ಪದದಲ್ಲಿ ತುರುಕಿದರೆ ಪಪ್ಪಾಯಿಯಂಥ ಬೆಳೆಗಳನ್ನು ಕಾಡುವ ಹಿಟ್ಟು ತಿಗಣೆಯ ಬಗ್ಗೆ ಬರೆಯುವುದೇ ಆಗುವುದಿಲ್ಲ. ಹಿಟ್ಟು ತಿಗಣೆಯಲ್ಲಿ ಕೂಡುವುದೂ ಉಂಟು, ನಿಷೇಚನವೂ ಉಂಟು. ಆದರೆ ಮರಿ ಗಂಡಾಗುವುದಾದರೆ ತಂದೆಯಿಂದ ಬಂದ ವರ್ಣತಂತುಗಳೆಲ್ಲ (ಕ್ರೋಮೋಸೋಮುಗಳೆಲ್ಲ) ಭ್ರೂಣದಲ್ಲೇ ಮುದುಡಿಕೊಂಡು ಕೆಲಸ ನಿಲ್ಲಿಸುತ್ತವೆ. ಆ ಮಗ ಬೆಳೆದು ತನ್ನ ವೀರ್ಯ ಮಾಡಿಕೊಳ್ಳುವಾಗ ತಾಯಿಯ ಕಡೆಯದನ್ನು ಮಾತ್ರ ಮುಂದಕ್ಕೆ ದಾಟಿಸುತ್ತಾನೆ. ಕೊಡಗು, ಚಿಕ್ಕಮಗಳೂರಿನವರನ್ನು ಕಾಡುವ ಕಾಫಿ ಕಾಯಿಕೊರಕ ಎಂಬ ಪುಟ್ಟ ದುಂಬಿಯಲ್ಲಿಯೂ ಹೀಗೆಯೇ. ಅಲ್ಲಿ ಕಾಯಿಯೊಳಗೇ ಅಣ್ಣ ತಂಗಿಯರು ಕೂಡುತ್ತಾರೆ, ಹಾರಲಾಗದ ಗಂಡು ಕಾಯಿಯಲ್ಲೇ ಉಳಿದು ಸಾಯುತ್ತದೆ. ಇದನ್ನು 'ತಂದೆಪಾಲು ಅಳಿವು' ಎಂದು ಬರೆದಿದ್ದೇನೆ. 'ಪಿತೃ ಜೀನೋಮ್ ನಿರ್ಮೂಲನ' ಎಂದರೆ ಪಪ್ಪಾಯಿ ತೋಟದವರು ಎರಡನೆಯ ಸಾಲಿಗೇ ಪುಸ್ತಕ ಮಡಚಿಡುತ್ತಾರೆ.

ಇನ್ನು ಸಸ್ಯಹೇನಿನ ವಿಷಯ. ಇದನ್ನು ಓದಿ ತಿಳಿಯುವುದಕ್ಕಿಂತ ಕಣ್ಣಾರೆ ನೋಡುವುದೇ ಮೇಲು. ನಮ್ಮ ಕಾಂಪೌಂಡಿನ ಕಣಗಿಲೆಯ ಎಳೆಯ ಕುಡಿಗಳಲ್ಲಿ ಅಚ್ಚ ಹಳದಿ ಮೈ, ಕಪ್ಪು ಕಾಲುಗಳ ಸಸ್ಯಹೇನುಗಳು ಒತ್ತೊತ್ತಾಗಿ ಕುಳಿತಿರುತ್ತವೆ. ಭೂತಗನ್ನಡಿ ಹಿಡಿದು ತಾಳ್ಮೆಯಿಂದ ಕಾದರೆ ಒಂದು ಹೇನು ಹಿಂಭಾಗವನ್ನು ತುಸು ಎತ್ತುತ್ತದೆ. ಮರಿ ಬುಡದ ಕಡೆಯಿಂದ, ಕಾಲುಗಳನ್ನು ಮೈಗೆ ಅವುಚಿಕೊಂಡು, ತಲೆ ಕೊನೆಗೆ ಬರುವಂತೆ ಜಾರುತ್ತದೆ. ಕಾಲು ಬಿಡಿಸಿಕೊಂಡ ಸ್ವಲ್ಪ ಹೊತ್ತಿನಲ್ಲೇ ನಡೆಯತೊಡಗುತ್ತದೆ. ಮೊಟ್ಟೆಯ ಮಾತೇ ಇಲ್ಲ, ಗಂಡು ಕಣ್ಣಿಗೆ ಬೀಳುವುದೂ ಇಲ್ಲ. ಈಗ ಹುಟ್ಟಿದ ಆ ಮರಿಯ ಹೊಟ್ಟೆಯಲ್ಲಿ ಅದರ ಮಕ್ಕಳು ಆಗಲೇ ರೂಪುಗೊಳ್ಳುತ್ತಿರುತ್ತವೆ. ಅಂದರೆ ಅಜ್ಜಿಯ ಒಡಲಿನಲ್ಲೇ ಮೊಮ್ಮಗಳು ಮೊಳೆತಿರುತ್ತಾಳೆ. ಇಂಗ್ಲಿಷ್ ಪುಸ್ತಕಗಳು ತಲೆಮಾರುಗಳನ್ನು ದೂರದರ್ಶಕದ ಕೊಳವೆಗಳಿಗೆ ಹೋಲಿಸಿ ಇದಕ್ಕೊಂದು ಹೆಸರಿಟ್ಟಿವೆ. ನಮಗೆ ಆ ಕೊಳವೆಯ ಹಂಗು ಬೇಡ, 'ಬಸುರೊಳಗೆ ಬಸುರು' ಎಂದರೆ ಮುಗಿಯಿತು. ಜಿನೀವಾದ ಶಾರ್ಲ್ ಬೊನೆ ಎಂಬ ಇಪ್ಪತ್ತರ ತರುಣ 1740ರಲ್ಲಿ ಆಗಷ್ಟೇ ಹುಟ್ಟಿದ ಹೇನೊಂದನ್ನು ಗಾಜಿನ ಕೆಳಗೆ ಒಂಟಿಯಾಗಿಟ್ಟು, ಹಗಲಿಡೀ ಕಣ್ಣು ನೆಟ್ಟು ಕಾದು, ಅದಕ್ಕೆ 95 ಮರಿಗಳಾದುದನ್ನು ಬರೆದಿಟ್ಟ. ಗಂಡಿಲ್ಲದೆ ಹೇನು ಮರಿ ಹಾಕುತ್ತದೆಯೇ ಎಂಬ ವಾದವಿವಾದಗಳಿಗೆ ತೆರೆ ಎಳೆದದ್ದು ಅವನ ಆ ತಾಳ್ಮೆ.

ಇದು ಬೆಳೆಗಾರರಿಗೆ ಕುತೂಹಲದ ಕಥೆ ಮಾತ್ರವಲ್ಲ. 2002ರ ಮಳೆಗಾಲದಲ್ಲಿ ಸಾಂಗಲಿ ಜಿಲ್ಲೆಯ ಕಬ್ಬಿನಲ್ಲಿ ಕಾಣಿಸಿಕೊಂಡ ಬಿಳಿ ಉಣ್ಣೆ ಹೇನು ಪಶ್ಚಿಮ ಮಹಾರಾಷ್ಟ್ರವನ್ನು ಆವರಿಸಿ, ಬೇಗನೆ ಗಡಿ ದಾಟಿ ಕರ್ನಾಟಕದ ಉತ್ತರ ಜಿಲ್ಲೆಗಳಿಗೂ ಬಂದಿತು. ಎಲೆಯ ಅಡಿಯಲ್ಲಿ ಬಿಳಿ ಮೇಣದ ಎಳೆಗಳು, ಕೆಳಗಿನ ಎಲೆಗಳ ಮೇಲೆ ಅಂಟು, ಆ ಅಂಟಿನ ಮೇಲೆ ಬೆಳೆದ ಕಪ್ಪು ಬೂಷ್ಟು. ಒಂದೇ ಹೇನು ಉಳಿದರೂ ಅದು ತಾಯಿ, ಅದಕ್ಕೆ ಜೋಡಿ ಹುಡುಕುವ ಕೆಲಸವಿಲ್ಲ. ಔಷಧಿ ಸಿಂಪಡಿಸಿದ ಹೊಲ ಮತ್ತೆ ಬೇಗ ಬೆಳ್ಳಗಾಗುವುದು ಏಕೆ ಎಂಬುದಕ್ಕೆ ಉತ್ತರದ ಒಂದು ಪಾಲು ಇಲ್ಲಿದೆ. ಕೊನೆಗೆ ಅದನ್ನು ಹತೋಟಿಗೆ ತಂದುದರಲ್ಲಿ ಡೈಫಾ ಎಂಬ ಪತಂಗದ ಮರಿಹುಳುವಿನ ಪಾಲು ದೊಡ್ಡದು. ಮರಾಠಿಯಲ್ಲಿ ಈ ಹೇನಿಗೆ 'ಲೋಕರಿ ಮಾವಾ' ಎನ್ನುತ್ತಾರೆ. ಕನ್ನಡದ ಕರಪತ್ರಗಳಲ್ಲಿ ಬರೇ 'ಹೇನು' ಎಂದು ಬರೆದರೆ ತಲೆಹೇನು ನೆನಪಾಗುತ್ತದೆ, ಆದ್ದರಿಂದ ಮೊದಲ ಸಲವಾದರೂ 'ಸಸ್ಯಹೇನು' ಎನ್ನುವುದು ಒಳ್ಳೆಯದು.

ಪತ್ರಿಕೆಗಳಲ್ಲಿ ಕಾಣುವ 'ತದ್ರೂಪಿ' ಎಂಬ ಪದದ ಬಗ್ಗೆಯೂ ಎಚ್ಚರ ಬೇಕು. ಸಸ್ಯಹೇನಿನ ಹೆಣ್ಣುಮರಿ ತಾಯಿಯ ತದ್ರೂಪಿ, ಒಪ್ಪುತ್ತೇನೆ. ಗುಳಿಮಂಡಲದ ಮರಿ ಹಾಗಲ್ಲ. ಅಂಡಾಣು ರೂಪುಗೊಳ್ಳುವಾಗ ಪಕ್ಕಕ್ಕೆ ಸರಿಯುವ ಧ್ರುವಕಾಯ ಎಂಬ ಪುಟ್ಟ ಕೋಶವೊಂದು ವೀರ್ಯಾಣುವಿನ ಜಾಗದಲ್ಲಿ ಮತ್ತೆ ಅಂಡಾಣುವಿನೊಡನೆ ಸೇರುತ್ತದೆ. ಇದರಿಂದ ಮರಿಯ ಜೀನುಗಳ ಜೋಡಿಗಳು ಬಹುಮಟ್ಟಿಗೆ ಒಂದೇ ಬಗೆಯವಾಗುತ್ತವೆ. ತಾಯಿಯಲ್ಲಿದ್ದ ವೈವಿಧ್ಯದಲ್ಲಿ ಬಹಳಷ್ಟು ಕಳೆದುಹೋಗಿರುತ್ತದೆ. ಗುಳಿಮಂಡಲಗಳಲ್ಲಿ ಹೆಣ್ಣಿನ ಲಿಂಗ ವರ್ಣತಂತುಗಳು ಝಡ್ ಮತ್ತು ಡಬ್ಲ್ಯು, ಗಂಡಿನವು ಎರಡೂ ಝಡ್. ಎರಡು ಝಡ್ ಸೇರಿ ಮರಿ ಗಂಡಾಗುತ್ತದೆ. ತಾಯಿ ಹೆಣ್ಣು, ಮರಿ ಗಂಡು, ಇಲ್ಲಿ 'ತದ್ರೂಪಿ' ಎಂದರೆ ಪೂರ್ತಿ ತಪ್ಪು. ಹೆಬ್ಬಾವಿನಂಥ ಬೋವಾ ಹಾವುಗಳಲ್ಲಿ ಹೀಗೆ ಹುಟ್ಟಿದವೆಲ್ಲ ಹೆಣ್ಣೇ ಎಂದು ಕಂಡಾಗ, 2010ರಲ್ಲಿ ಅವಕ್ಕೆ ಎರಡು ಡಬ್ಲ್ಯು ಇರಬೇಕೆಂದು ವಿವರಿಸಿದ್ದರು. ಆದರೆ ಬೋವಾ, ಹೆಬ್ಬಾವುಗಳಲ್ಲಿರುವುದು ನಮ್ಮಲ್ಲಿರುವಂತೆ ಎಕ್ಸ್–ವೈ ಏರ್ಪಾಡು ಎಂದು 2017ರಲ್ಲಿ ತಿಳಿಯಿತು. ಎರಡು ಎಕ್ಸ್ ಸೇರಿದರೆ ಹೆಣ್ಣಲ್ಲದೆ ಇನ್ನೇನು? ಒಂದು ತೊಡಕು ಎಷ್ಟು ಸುಲಭವಾಗಿ ಬಿಡಿಸಿಕೊಂಡಿತು ನೋಡಿ!

ಪುಣೆಯ ಹೂಕುಂಡಗಳಲ್ಲೇ ಸಿಗುವ ಹುಳಹಾವಿನದು ಮತ್ತೊಂದು ಬಗೆ. ಮರಾಠಿಯಲ್ಲಿ ಅದು 'ವಾಳಾ'. ಎರೆಹುಳದಂತೆ ಕಾಣುವ ಈ ಕುರುಡು ಹಾವು ಗೆದ್ದಲು ಮತ್ತು ಇರುವೆಗಳ ಮೊಟ್ಟೆ, ಮರಿಗಳನ್ನು ತಿಂದು ಬದುಕುತ್ತದೆ. ಕಂಡರೆ ಕೊಲ್ಲಬೇಡಿ, ಅದರಿಂದ ಯಾರಿಗೂ ಕೇಡಿಲ್ಲ. ಈ ಜಾತಿಯಲ್ಲಿ ಎಲ್ಲವೂ ಹೆಣ್ಣೇ. ಕುಂಡದ ಮಣ್ಣಿನೊಡನೆ ಒಂದೇ ಒಂದು ಹಾವು ಹಡಗು ಹತ್ತಿದರೂ ಸಾಕು, ಹೊಸ ದೇಶದಲ್ಲಿ ಸಂಸಾರ ಬೆಳೆಯುತ್ತದೆ. ಹೀಗೆಯೇ ಅದು ಲೋಕದ ಬೆಚ್ಚಗಿನ ನಾಡುಗಳನ್ನೆಲ್ಲ ಸೇರಿದೆ. ಅದಕ್ಕೆ 42 ವರ್ಣತಂತುಗಳು, 14ರ ಮೂರು ಗುಂಪು. ಇದನ್ನು 'ಮೂರು ಜೊತೆ ವರ್ಣತಂತು' ಎಂದು ಬರೆಯಬಾರದು. ಕನ್ನಡದಲ್ಲಿ ಜೊತೆ ಎಂದರೆ ಎರಡು, ಮೂರು ಜೊತೆ ಎಂದರೆ ಆರಾಯಿತು. 'ಮೂರು ಕಟ್ಟು' ಎಂದರೆ ಲೆಕ್ಕ ತಪ್ಪುವುದಿಲ್ಲ, ಹೇಳುವುದಕ್ಕೂ ಸಲೀಸು.

ಈ ಹುಳಹಾವಿಗೆ ಬೇರೆ ದಾರಿಯೇ ಇಲ್ಲ, ಗುಳಿಮಂಡಲಕ್ಕೆ ಇದು ಅಪರೂಪಕ್ಕೊಮ್ಮೆ ಆಗುವಂಥದು. ಈ ಎರಡನ್ನು 'ಕಡ್ಡಾಯ', 'ಐಚ್ಛಿಕ' ಎಂದು ವಿಂಗಡಿಸುವ ರೂಢಿಯಿದೆ. 'ಐಚ್ಛಿಕ' ನನಗೆ ಸರಿಬರುವುದಿಲ್ಲ. ಹಾವು ಇಚ್ಛೆಪಟ್ಟು ಹೀಗೆ ಮಾಡಿತು ಎಂದು ಮಕ್ಕಳು ತಿಳಿಯುತ್ತಾರೆ. 'ಸಾಂದರ್ಭಿಕ' ಎಂದರೆ ಸಾಲದೇ?

ತಿಳಿದವರಿಂದ ನನಗೆ ಬೇಕಾದುದು ಇಷ್ಟು. 'ಅನಿಷೇಚಿತ ಜನನ'ವನ್ನು ಈಗಾಗಲೇ ಅಚ್ಚಿನಲ್ಲಿ ಕಂಡವರಿದ್ದೀರಾ, ಅಥವಾ ಇದಕ್ಕಿಂತ ಚಿಕ್ಕದಾದ ಪದ ಹೊಳೆಯುತ್ತದೆಯೇ? ನಿಷೇಚನವಾಗದ ಮೊಟ್ಟೆಯಿಂದ ಹೆಣ್ಣು ಹುಟ್ಟಿದರೆ ಥೆಲಿಟೊಕಿ, ಗಂಡು ಹುಟ್ಟಿದರೆ ಅರೆನೊಟೊಕಿ ಎನ್ನುತ್ತಾರೆ. ಗ್ರೀಕಿನ ಟೊಕೊಸ್ ಎಂದರೆ ಹೆರಿಗೆ, ಹಾಗಾಗಿ 'ಹೆಣ್ಣುಹೆರಿಕೆ', 'ಗಂಡುಹೆರಿಕೆ' ಎಂದು ಬರೆದಿದ್ದೇನೆ; ಕೃಷಿ ವಿಜ್ಞಾನ ಬಲ್ಲವರು ಒಪ್ಪುತ್ತೀರಾ? ಅಥಣಿ, ಚಿಕ್ಕೋಡಿ, ಜಮಖಂಡಿ ಕಡೆಯವರು ಕಬ್ಬಿನ ಉಣ್ಣೆ ಹೇನಿಗೆ ಹೊಲದಲ್ಲಿ ಆಡುವ ಹೆಸರನ್ನು ದಯವಿಟ್ಟು ತಿಳಿಸಿ. ಅಚ್ಚಿಗೆ ಕಳಿಸುವ ಮುನ್ನ ಅದನ್ನೇ ತಲೆಬರಹದಲ್ಲಿ ಹಾಕಬೇಕೆಂದಿದ್ದೇನೆ.