ಸಹಾಯ ಬೇಕು: ಬೋರ್ಡೋ ದ್ರಾವಣದಲ್ಲಿ ಚಾಕು ಕೆಂಪಾಗ್ತಿದೆ, ಸುಣ್ಣ ಎಷ್ಟು ಹೆಚ್ಚಿಸಬೇಕು?

ಶಿರಸಿ ಕಡೆ ಅಡಿಕೆ ತೋಟ, ಕೊಳೆ ರೋಗಕ್ಕೆ ಹೊಡೆಯೋ ಶೇ. 1ರ ಬೋರ್ಡೋ ದ್ರಾವಣ. 1 ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್) 50 ಲೀಟರ್ ನೀರಿಗೆ, 1 ಕೆ.ಜಿ. ಚಿಪ್ಪಿನ ಸುಣ್ಣ ಇನ್ನೊಂದು 50 ಲೀಟರಿಗೆ, ಎರಡೂ ಪ್ಲಾಸ್ಟಿಕ್ ಡ್ರಮ್. ತುತ್ತದ ನೀರನ್ನೇ ಸುಣ್ಣದ ನೀರಿಗೆ ಕಲಕುತ್ತ ಸುರಿದದ್ದು. ಆದರೂ ಉಜ್ಜಿದ ಕಬ್ಬಿಣದ ಚಾಕು ಅದ್ದಿದರೆ ನಿಮಿಷದಲ್ಲಿ ತಾಮ್ರದ ಲೇಪ, ಅಂದರೆ ಸುಣ್ಣ ಸಾಲದೆ ತುತ್ತ ಹಾಗೇ ಉಳಿದಿದೆ. ಪಿಎಚ್ ಕಾಗದ 5 ತೋರಿಸ್ತಿದೆ, ಅಂದರೆ ಇನ್ನೂ ಆಮ್ಲೀಯ. ಹೀಗೇ ಹೊಡೆದರೆ ಎಳೆಗಾಯಿ ಸುಡೋದು ಖಂಡಿತ.

ಲೆಕ್ಕದ ಪ್ರಕಾರ 1 ಕೆ.ಜಿ. ತುತ್ತಕ್ಕೆ ಸುಮಾರು 225 ಗ್ರಾಂ ಶುದ್ಧ ಸುಟ್ಟ ಸುಣ್ಣ ಸಾಕು, ಉಳಿದದ್ದು ಮುಂಜಾಗ್ರತೆ. ಅಂದ ಮೇಲೆ ಈ ಚೀಲದಲ್ಲಿ ಬಹುಪಾಲು ಗಾಳಿ ತಾಗಿ ಕಾರ್ಬೊನೇಟ್ (ಸತ್ವ ಕಳೆದ ಸುಣ್ಣ) ಆಗಿರಬೇಕು. ನೀರು ಹಾಕಿದಾಗ ಬಿಸಿಯೇ ಏರಲಿಲ್ಲ, ನಿಂಬೆರಸ ಬಿಟ್ಟರೆ ಬುರುಬುರು ನೊರೆ. ಅಘನಾಶಿನಿ ನದಿಯ ಚಿಪ್ಪಿನದ್ದೇ ಅಂತ ಕೊಟ್ಟರು. ಇರಬಹುದು, ಸುಟ್ಟದ್ದು ಯಾವ ಕಾಲದಲ್ಲೋ!

ತಿಳಿದವರು ಹೇಳಿ:

ಇದೇ ಸುಣ್ಣ ಇಮ್ಮಡಿ ಹಾಕಿದರೆ ಪಿಎಚ್ ಏರಬಹುದು, ಆದರೆ ಕರಗದ ಪುಡಿ ನಾಝಲ್ ಕಟ್ಟಿಸುತ್ತದೆ. ಬಟ್ಟೆಯಲ್ಲಿ ಸೋಸಿದರೆ ಸಾಕಾ?

1 ಕೆ.ಜಿ. ಸುಟ್ಟ ಸುಣ್ಣದ ಬದಲು ಪ್ಯಾಕೆಟ್‌ನ ಅರಳಿದ (ಮೊದಲೇ ನೀರು ಹಾಕಿ ಪುಡಿಯಾದ) ಸುಣ್ಣ ಬಳಸಿದರೆ 1.32 ಕೆ.ಜಿ. ಬೇಕು ಅನ್ನೋದು ನನ್ನ ಲೆಕ್ಕ (ಅರಳಿದ್ದರ ಅಣುತೂಕ 74, ಸುಟ್ಟದ್ದರದ್ದು 56; 74 ÷ 56). ತೋಟದಲ್ಲಿ ಯಾರಾದರೂ ಮಾಡಿದ್ದೀರಾ? ತಳಕ್ಕೆ ಬೇಗ ಇಳಿಯುತ್ತದೆಯೇ?

ಮುಖ್ಯವಾದದ್ದು: ಸಕ್ಕರೆ ನೀರಲ್ಲಿ ಸುಣ್ಣ ಕರಗುತ್ತದೆ, ಕಾರ್ಬೊನೇಟ್ ಕರಗಲ್ಲ. ಸೋಸಿ, ಅರಿಶಿನ ಹಾಕಿ, ಕೆಂಪು ಹೋಗುವವರೆಗೆ ವಿನೆಗರ್ ಬಿಟ್ಟು ಅಳೆದರೆ ಅಂಗಡಿಯಲ್ಲೇ ಸುಣ್ಣದ ಗುಣ ಸಿಗಬೇಕಲ್ಲ? 1 ಗ್ರಾಂ ಸುಣ್ಣಕ್ಕೆ ಎಷ್ಟು ಸಕ್ಕರೆ, ಎಷ್ಟು ಹೊತ್ತು ಕುಲುಕಬೇಕು?

ಮಳೆ ಬಿಡುವು ಕೊಟ್ಟಾಗಲೇ ಹೊಡೆಯಬೇಕು, ಬೇಗ ತಿಳಿಸಿ.