ಮಗಳ ಹೊಟ್ಟೆನೋವಿಗೆ ನನ್ನ ಆತಂಕವೂ ಕಾರಣವಾಗುತ್ತಿದೆಯೇ?

ಪ್ರಶ್ನೆ (ಸೋಮವಾರಪೇಟೆ ಕಡೆಯ ತಾಯಿ):

ನಮ್ಮದು ಸಣ್ಣ ಕಾಫಿ ತೋಟ. ಹನ್ನೊಂದು ವರ್ಷದ ಮಗಳಿಗೆ ಏಳು ತಿಂಗಳಿಂದ ಹೊಕ್ಕುಳ ಸುತ್ತ ನೋವು ಬರುತ್ತಿದೆ. ರಕ್ತ, ಮೂತ್ರ, ಮಲದ ಪರೀಕ್ಷೆಗಳು, ಸ್ಕ್ಯಾನಿಂಗ್ ಎಲ್ಲವೂ ಆಗಿದ್ದು, ಯಾವುದರಲ್ಲಿಯೂ ದೋಷ ಕಂಡಿಲ್ಲ. ಒಬ್ಬ ವೈದ್ಯರು ಅವಳ ಎದುರಿಗೇ "ಇದು ಶಾಲೆಗೆ ಹೋಗದಿರಲು ಮಾಡುವ ನಾಟಕ" ಎಂದುಬಿಟ್ಟರು. ಅಂದು ಮನೆಗೆ ಬರುವವರೆಗೂ ಅವಳು ಒಂದು ಮಾತನ್ನೂ ಆಡಲಿಲ್ಲ. ಆಸೆಪಟ್ಟು ಕೊಡಿಸಿಕೊಂಡ ಹಾಕಿ ಸ್ಟಿಕ್ ಬಾಗಿಲ ಹಿಂದೆ ಒರಗಿದೆ.

ನೋವು ಬಂದ ದಿನಗಳನ್ನು ನಾನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲಿ ಕೆಂಪು ಚುಕ್ಕೆ ಇಟ್ಟು ಗುರುತಿಸುತ್ತೇನೆ. ಕಾಫಿ ಕುಯ್ಲಿನ ಎರಡು ವಾರ ನಾನು ಬೆಳಿಗ್ಗೆ ಏಳಕ್ಕೇ ಕಣಕ್ಕೆ ಹೋಗುತ್ತಿದ್ದೆ, ಅಜ್ಜಿಯೇ ಅವಳನ್ನು ಶಾಲೆಗೆ ಹೊರಡಿಸುತ್ತಿದ್ದರು. ಆ ಎರಡು ವಾರದಲ್ಲಿ ಮೂರೇ ಚುಕ್ಕೆಗಳಿವೆ. ಉಳಿದ ದಿನಗಳಲ್ಲಿ ಅವಳು ಕಣ್ಣು ಬಿಡುವ ಮೊದಲೇ "ಹೊಟ್ಟೆ ಹೇಗಿದೆ ಮಗಳೇ?" ಎಂದು ಕೇಳುವವಳು ನಾನು. ನನ್ನ ಕಾಳಜಿಯೇ ಅವಳ ನೋವನ್ನು ಬೆಳೆಸುತ್ತಿದೆಯೇ? ದಯವಿಟ್ಟು ತಿಳಿದವರು ಹೇಳಬೇಕು.

ಉತ್ತರ 1 (ಮಕ್ಕಳ ವೈದ್ಯೆ, ಮಡಿಕೇರಿ):

ಮೊದಲು ಒಂದು ಮಾತು: ನಿಮ್ಮ ಮಗಳ ನೋವು ನಿಜವಾದ ನೋವು. ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿಯುವ ಅಥವಾ ಮರುಕಳಿಸುವ ನೋವನ್ನು ದೀರ್ಘಕಾಲದ ನೋವು ಎನ್ನುತ್ತೇವೆ. ಪರೀಕ್ಷೆಗಳಲ್ಲಿ ಏನೂ ಕಾಣದಿದ್ದರೂ ಕರುಳು ಮತ್ತು ಮಿದುಳಿನ ನಡುವಿನ ನರಗಳು ಸಾಮಾನ್ಯ ಸಂವೇದನೆಯನ್ನೇ ಅಪಾಯವೆಂದು ಓದತೊಡಗಿದಾಗ ಇದು ಉಂಟಾಗಬಹುದು. ನಾಟಕ ಎಂಬ ಮಾತು ತಪ್ಪು, ಆ ಮಗುವಿಗೆ ಆದ ನೋವಿಗಾಗಿ ನನಗೆ ಬೇಸರವಾಗಿದೆ.

ನೀವು ಗಮನಿಸಿದ್ದಕ್ಕೆ ಹತ್ತಿರವಾದ ಒಂದು ಪ್ರಯೋಗ 2006ರಲ್ಲಿ ಅಮೆರಿಕದಿಂದ ಪ್ರಕಟವಾಯಿತು. ಇಂಥ ಹೊಟ್ಟೆನೋವಿರುವ ಮಕ್ಕಳಿಗೂ ಆರೋಗ್ಯವಂತ ಮಕ್ಕಳಿಗೂ ಹೊಟ್ಟೆ ತುಂಬಿ ಅಸ್ವಸ್ಥತೆ ಆಗುವವರೆಗೆ ನೀರು ಕುಡಿಸಿ, ಕೆಲವು ಪೋಷಕರಿಗೆ ಮಗುವಿನ ದೂರಿಗೆ ಗಮನ ಕೊಡುವಂತೆಯೂ, ಕೆಲವರಿಗೆ ಮಾತನ್ನು ಬೇರೆಡೆಗೆ ತಿರುಗಿಸುವಂತೆಯೂ ಹೇಳಲಾಯಿತು. ಮೂರನೆಯ ಗುಂಪಿಗೆ ಏನನ್ನೂ ಹೇಳಲಿಲ್ಲ. ಈ ಮೂರನೆಯ ಗುಂಪಿಗೆ ಹೋಲಿಸಿದರೆ ಗಮನ ಕೊಟ್ಟ ಕಡೆ ದೂರುಗಳು ಹತ್ತಿರಹತ್ತಿರ ಇಮ್ಮಡಿಯಾದವು, ತಿರುಗಿಸಿದ ಕಡೆ ಅರ್ಧಕ್ಕೆ ಇಳಿದವು. ನನ್ನ ಮನಸ್ಸಿನಲ್ಲಿ ಉಳಿದದ್ದು ಇನ್ನೊಂದು ಅಂಶ: ನೋವಿರುವ ಮಕ್ಕಳ ಪೋಷಕರಿಗೆ, ಮಾತು ತಿರುಗಿಸುವುದರಿಂದಲೇ ಮಗುವಿಗೆ ಹೆಚ್ಚು ಕೆಡುಕಾದೀತು ಎನ್ನಿಸಿತ್ತು.

ತಾಯಿಯ ಮುಖದಲ್ಲಿ ಭಯ ಕಂಡ ಮಗು "ಏನೋ ದೊಡ್ಡದಿರಬೇಕು" ಎಂದುಕೊಳ್ಳುತ್ತದೆ, ಭಯದಿಂದ ಆಟ ಮತ್ತು ಶಾಲೆಯನ್ನು ಬಿಡುತ್ತದೆ, ಬಿಟ್ಟಷ್ಟೂ ದೇಹ ಅಳುಕುತ್ತದೆ, ಅದನ್ನು ಕಂಡು ತಾಯಿಗೆ ಮತ್ತಷ್ಟು ಭಯವಾಗುತ್ತದೆ. ಈ ಸರಪಳಿಯ ಮೊದಲ ಕೊಂಡಿ ನೀವೇ ಎಂದು ಹೇಳಲು ಬರುವುದಿಲ್ಲ, ಏಕೆಂದರೆ ಮಗುವಿನ ನೋವೇ ತಾಯಿಯ ಆತಂಕವನ್ನು ಹುಟ್ಟಿಸಿರುತ್ತದೆ. ಆದರೆ ಬಿಡಿಸಲು ನಿಮ್ಮ ಕೈಗೆ ಎಟುಕುವ ಕೊಂಡಿ ನಿಮ್ಮದು. ಆ ಕ್ಯಾಲೆಂಡರ್ ಚುಕ್ಕೆಗಳನ್ನು ನಿಲ್ಲಿಸಿ.

ತೂಕ ಇಳಿಯುವುದು, ಮಲದಲ್ಲಿ ರಕ್ತ, ಪದೇಪದೇ ವಾಂತಿ, ಕಾರಣವಿಲ್ಲದ ಜ್ವರ, ನಿದ್ದೆಯಿಂದ ಎಬ್ಬಿಸುವ ನೋವು, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಮತ್ತೆ ವೈದ್ಯರಿಗೆ ತೋರಿಸಬೇಕು.

ಉತ್ತರ 2 (ಗೋಣಿಕೊಪ್ಪ, ಒಬ್ಬ ತಂದೆ):

ಅಕ್ಕ, ನಮ್ಮ ಮಗನಿಗೆ ತಲೆನೋವಿತ್ತು. ನಾವಾಗಿಯೇ ನೋವಿನ ಬಗ್ಗೆ ಕೇಳುವುದಿಲ್ಲ, ಮನೆಯಲ್ಲಿ ಉಳಿದರೆ ಟಿ.ವಿ. ಮತ್ತು ಮೊಬೈಲ್ ಇಲ್ಲ ಎಂದು ನಾನೂ ಹೆಂಡತಿಯೂ ಒಪ್ಪಂದ ಮಾಡಿಕೊಂಡೆವು. ಮೊದಲ ಹತ್ತು ದಿನ ದೂರು ಹೆಚ್ಚೇ ಆಯಿತು, ಹೆಂಡತಿ ಅತ್ತೂ ಬಿಟ್ಟಳು. ಅಲ್ಲಿ ಸೋಲದಿರುವುದೇ ಕಷ್ಟದ ಭಾಗ. ಶಾಲೆಗೆ ಮೊದಲು ಮಧ್ಯಾಹ್ನದವರೆಗೆ, ಆಮೇಲೆ ಪೂರ್ತಿ ದಿನ ಕಳಿಸಿದೆವು. ಜುಲೈನಲ್ಲಿ ಮಳೆಯ ರಜೆ ಸಾಲಾಗಿ ಬಂದಾಗ ಅಭ್ಯಾಸ ತಪ್ಪಿ ನೋವು ಮರಳಿತು, ಮತ್ತೆ ಅರ್ಧ ದಿನದಿಂದ ಶುರುಮಾಡಬೇಕಾಯಿತು. ಈಗ ತಿಂಗಳಿಗೆ ಒಂದೆರಡು ಸಲ ಬರುತ್ತದೆ, ಅವನು ನೀರು ಕುಡಿದು ಆಟಕ್ಕೆ ಹೋಗುತ್ತಾನೆ.

ಉತ್ತರ 3 (ಶಾಲಾ ಶಿಕ್ಷಕಿ):

ಶಾಲೆಯವರಿಗೂ ತಿಳಿಸಿ. ನೋವೆಂದ ಕೂಡಲೇ ಮನೆಗೆ ಫೋನ್ ಮಾಡದೆ, ಹತ್ತು ನಿಮಿಷ ಗ್ರಂಥಾಲಯದಲ್ಲಿ ಕೂರಿಸಿ ತರಗತಿಗೆ ಮರಳಿಸಿದರೆ ಅನೇಕ ಮಕ್ಕಳು ಸಂಜೆಯವರೆಗೂ ಉಳಿಯುತ್ತಾರೆ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಕೃತಜ್ಞಳು. ಡಾಕ್ಟರ್, ಒಂದು ಸಂದೇಹ ಉಳಿದಿದೆ. ಅವಳೇ ಬಂದು ನೋವೆಂದಾಗ ಕೇಳಿಸದಂತೆ ಇರಬೇಕೇ? ಅದು ನನ್ನಿಂದಾಗದು.

ಉತ್ತರ 1:

ಬೇಡವೇ ಬೇಡ. ಅವಳ ಬೆನ್ನ ಮೇಲೆ ಕೈಯಿಡಿ, "ನೋಯುತ್ತಿದೆ ಅಲ್ಲವೇ, ನನಗೆ ಗೊತ್ತು" ಎಂದು ಒಮ್ಮೆ ಹೇಳಿ, ನಿಧಾನವಾಗಿ ನಾಲ್ಕು ಉಸಿರು ಎಳೆದು ಬಿಡಲು ಹೇಳಿ. ಎಷ್ಟು ನೋವು, ಎಲ್ಲಿ ನೋವು ಎಂದು ಮುಂದುವರಿಸದೆ, ಜಡೆ ಹೆಣೆಯುವುದೋ ಬುತ್ತಿ ತುಂಬುವುದೋ, ಆ ಹೊತ್ತಿನ ಕೆಲಸಕ್ಕೆ ಅವಳನ್ನು ಜೊತೆಗೆ ಕರೆದುಕೊಳ್ಳಿ.